ಹರಾಜಿನ ಕೋವಿ, ಹೆಂಡತಿಯ ಹೆಸರು

ಹಾರ್ಲನ್ ಕ್ರೈಡರ್‌ಗೆ ಇವತ್ತಿಗೂ ಹೊಟ್ಟೆ ಉರಿಯುವುದು ಒಂದೇ ಸಂಗತಿಗೆ. ಅವತ್ತು ಕಂಪ್ಯೂಟರ್ ಮುಂದೆ ಕೂತಾಗ, ‘ಹೆಸರು’ ಎಂದು ಕೇಳಿದ ಖಾಲಿ ಜಾಗದಲ್ಲಿ ತನ್ನ ಹೆಸರನ್ನೇ ಹೊಡೆದಿದ್ದರೆ ಸಾಕಿತ್ತು. ಅಪ್ಪ ಅಮ್ಮ ಇಟ್ಟ ಹೆಸರು, ದಿನವೂ ಬಳಸಿ ಸವೆದ ಹೆಸರು, ಊರಿನ ಹಿಮ ತಳ್ಳುವ ಲಾರಿಯ ಬಾಗಿಲ ಮೇಲೆ ಬಿಳಿ ಬಣ್ಣದಲ್ಲಿ ಬರೆಸಿದ ಹೆಸರು. ಅದನ್ನು ಬಿಟ್ಟು ಹೆಂಡತಿಯ ಹೆಸರು ಹೊಡೆದ. ಅದನ್ನೇ ಬುದ್ಧಿವಂತಿಕೆ ಅಂದುಕೊಂಡ. (ಗಂಡಸರ ದೊಡ್ಡ ಅನಾಹುತಗಳೆಲ್ಲ ಬುದ್ಧಿವಂತಿಕೆಯ ಹೆಸರಲ್ಲೇ ನಡೆಯುತ್ತವೆ. ಬರೀ ದಡ್ಡತನದಿಂದ ಆಗುವ ಅನಾಹುತ ಇಷ್ಟು ದುಬಾರಿಯಾಗುವುದಿಲ್ಲ.)

ಈ ಅನಾಹುತದ ಬೇರು ಇರುವುದು ಒಂದು ಗೋಡೆಯಲ್ಲಿ. ಪೆನ್ಸಿಲ್ವೇನಿಯದ ಉತ್ತರದ ಗುಡ್ಡಗಳಲ್ಲಿ ಶಿಂಗಲ್ ರನ್ ಅಂತ ಊರು. ಊರಿನ ಮೇಲ್ಗಡೆ ಕಾಡಿನೊಳಗೆ ಗಂಡಸರ ಬೇಟೆಮನೆ, ಎಲ್ಲರ ಬಾಯಲ್ಲಿ ಬರೀ ‘ಕ್ಯಾಂಪ್’. ಹಲಗೆ ಗೋಡೆ, ತಗಡಿನ ಮಾಡು, ಸೌದೆ ಒಲೆ, ಇಲಿಗಳ ಜೊತೆ ಹಂಚಿಕೊಂಡು ಮಲಗಬೇಕಾದ ಹಾಸಿಗೆಗಳು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಟರ್ಕಿ ಕೋಳಿ ಹೊಟ್ಟೆಯಲ್ಲಿ ಅರಗುವ ಮೊದಲೇ ಜಿಂಕೆ ಬೇಟೆಯ ಕಾಲ ಶುರು. ಆಗ ಊರಿನ ಗಂಡಸರೆಲ್ಲ ಕಿತ್ತಳೆ ಬಣ್ಣದ ಕೋಟು ತೊಟ್ಟು ಅಲ್ಲಿಗೆ ಗುಳೆ ಹೋಗುತ್ತಾರೆ.

ಆ ಕ್ಯಾಂಪಿನ ಗೋಡೆಯ ಮೇಲೆ ಅಂಗಿ ಬಾಲಗಳಿವೆ. ಜಿಂಕೆಗೆ ಗುಂಡು ಹೊಡೆದು ಗುರಿ ತಪ್ಪಿದವನನ್ನು ಸಂಜೆ ಒಲೆಯ ಮುಂದೆ ನಿಲ್ಲಿಸುತ್ತಾರೆ. ಅವನ ಅಂಗಿಯ ಹಿಂಬದಿಯನ್ನು ಪ್ಯಾಂಟಿನಿಂದ ಹೊರಗೆಳೆದು, ತುದಿಯನ್ನು ಕತ್ತರಿಯಿಂದ ಕಚಕ್ ಅನಿಸಿ, ಹೆಸರು ಮತ್ತು ಇಸವಿ ಬರೆದು ಗೋಡೆಗೆ ಮೊಳೆ ಹೊಡೆಯುತ್ತಾರೆ. ಕತ್ತರಿಸುವ ಹಕ್ಕು ಅವತ್ತು ಜಿಂಕೆ ಕೆಡವಿದವನದು. ಇದರ ವಿರುದ್ಧ ಮೇಲ್ಮನವಿಗೆ ಅವಕಾಶವಿಲ್ಲ. ಅಂಗಿ ಹೊಸದು, ಅತ್ತೆ ಕೊಟ್ಟದ್ದು, ಮದುವೆಯದ್ದು ಎಂಬ ಯಾವ ವಾದವೂ ನಡೆಯುವುದಿಲ್ಲ.

ಹಾರ್ಲನ್‌ನ ಬಾಲಗಳು ಒಲೆಯ ಬಲಗಡೆ ಒಂದು ಇಡೀ ಹಲಗೆಯನ್ನು ಆಕ್ರಮಿಸಿಕೊಂಡಿದ್ದವು. ಅಷ್ಟು ಹೆಸರು ಊರಿನ ಯಾವ ಶಾಸಕನ ಶಂಕುಸ್ಥಾಪನೆಯ ಕಲ್ಲುಗಳಲ್ಲೂ ಇರಲಿಲ್ಲ.

“ಇನ್ನೊಂದೆರಡು ವರ್ಷ ಹಿಂಗೇ ಹೊಡೀತಾ ಇರು ಹಾರ್ಲನ್,” ಅಂದಿದ್ದ ಕ್ಯಾಂಪಿನ ಯಜಮಾನ ಡ್ಯೂಯಿ, ಕಳೆದ ವರ್ಷ ಕತ್ತರಿ ಆಡಿಸುತ್ತ. “ಕಿಟಕಿಗೆಲ್ಲ ಪರದೆ ಆಗುತ್ತೆ.”

“ತಪ್ಪು ನಂದಲ್ಲ, ಕೋವೀದು. ನಳಿಗೆ ಎಡಕ್ಕೆ ಎಳೆಯುತ್ತೆ.”

“ಎಳೆಯೋದು ನಳಿಗೆಯಲ್ಲಪ್ಪ, ನಿನ್ನ ಹೊಟ್ಟೆ. ಅದನ್ನ ಯಾವ ಕಡೆ ಇಟ್ಕೊಂಡು ಗುರಿ ಹಿಡೀತೀಯ?”

ಎಲ್ಲರೂ ನಕ್ಕರು. ಹಾರ್ಲನ್ ನಗಲಿಲ್ಲ. ಚಳಿಗಾಳಿ ಅಂಗಿಯ ಹಿಂದಿನಿಂದ ಒಳಗೆ ನುಗ್ಗುತ್ತಿರುವಾಗ ನಗುವುದು ಕಷ್ಟ.

ಅದೇ ಗೋಡೆಯ ಮೇಲೆ ಇಲ್ಲದ ಹೆಸರು ಒಂದೇ ಒಂದು, ಅವನ ಮಾವ ಆರಿನ್‌ನದು. ಸತ್ತು ವರ್ಷಗಳಾದರೂ ಆರಿನ್ ಕ್ಯಾಂಪಿನ ದೇವರು. ಅವನು ಒಮ್ಮೆಯೂ ಗುರಿ ತಪ್ಪಿದವನಲ್ಲ, ಅವನ ಕೋವಿಗೆ ಕಣ್ಣಿತ್ತು ಎಂಬುದು ಇತಿಹಾಸ. ಅವನ ಕಾಲದಲ್ಲಿ ಕ್ಯಾಂಪಿನ ಕತ್ತರಿ, ಶಾಯಿ, ಮೊಳೆಯ ಡಬ್ಬಿ, ಮೂರೂ ಅವನ ಸುಪರ್ದಿಯಲ್ಲಿದ್ದವು. ಅಟ್ಟಕ್ಕೆ ಹತ್ತುವ ಏಣಿಯ ಹಿಂದೆ, ಹೊಗೆ ಕುಡಿದು ಕಪ್ಪಾದ ಕೆಲವು ಬಾಲಗಳು ಹೆಸರಿಲ್ಲದೆ ನೇತಾಡುತ್ತಿದ್ದವು. ಅವು ಆರಿನ್‌ಗಿಂತ ಹಿಂದಿನವರವು, ಯಾರವೋ ಏನೋ ಅಂತ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಆ ಕೋವಿಯನ್ನು ಆರಿನ್ ಸಾಯುವ ಮೊದಲು ಮಗನಿಗೆ ಕೊಟ್ಟ. ಮಗಳು ಡೊರೀನ್, ಅಂದರೆ ಹಾರ್ಲನ್‌ನ ಹೆಂಡತಿ, ಬಾಯಿಬಿಟ್ಟು ಕೇಳಿದ್ದಳು. ತೋಟದ ಎಲೆಕೋಸು ಕಡಿಯುವ ಪ್ರಾಣಿಗಳನ್ನು ಅಡುಗೆಮನೆಯ ಕಿಟಕಿಯಿಂದಲೇ ಹೊಡೆದು ಬೆಳೆದ ಹುಡುಗಿ ಅವಳು. ಆರಿನ್ ನಕ್ಕು, “ನೀನು ಅದನ್ನ ಇಟ್ಕೊಂಡು ಏನ್ಮಾಡ್ತೀಯ? ಹೆಂಗಸು ಕ್ಯಾಂಪಿಗೆ ಕಾಲಿಟ್ರೆ ಜಿಂಕೆಗಳು ಗುಡ್ಡ ಬಿಟ್ಟು ಹೋಗ್ತವೆ” ಅಂದುಬಿಟ್ಟ. ಮಗ ಕೋವಿ ತೆಗೆದುಕೊಂಡು ಫ್ಲಾರಿಡಾಕ್ಕೆ ಹೋದ. ಅಲ್ಲಿ ಹಿಮವೂ ಇಲ್ಲ, ಅವನಿಗೆ ಬೇಟೆಯೂ ಬೇಡ, ಯಾರಿಗೋ ಮಾರಿ ಕೈ ತೊಳೆದುಕೊಂಡ. ಅಂದಿನಿಂದ ಡೊರೀನ್ ಅಣ್ಣನ ಫೋನು ಬಂದರೆ ಹವಾಮಾನದ ಬಗ್ಗೆ ಮಾತ್ರ ಮಾತಾಡುತ್ತಾಳೆ.

ಅದೇ ಕೋವಿ ಒಂದು ಸಂಜೆ ಹಾರ್ಲನ್‌ಗೆ ಬಂದೂಕು ಹರಾಜಿನ ವೆಬ್‌ಸೈಟಿನಲ್ಲಿ ಕಣ್ಣಿಗೆ ಬಿತ್ತು. ಮೊದಲು ನಂಬಲಿಲ್ಲ. ಆದರೆ ಕೋವಿಯ ಹಿಂಬದಿಗೆ, ಭುಜಕ್ಕೆ ಒತ್ತುವ ಕಡೆ, ಹಳೇ ಬೂಟಿನ ಅಟ್ಟೆ ಕತ್ತರಿಸಿ ಮೊಳೆ ಹೊಡೆದದ್ದು ಲೋಕದಲ್ಲಿ ಆರಿನ್ ಒಬ್ಬನೇ. ಅಟ್ಟೆಯ ಮೇಲೆ ಬೂಟಿನ ಅಳತೆಯೂ ಹಾಗೇ ಇತ್ತು. ಮಾರುವವನು ಒಹಾಯೊದ ಒಬ್ಬ ವ್ಯಾಪಾರಿ. ‘ಹಿಂಬದಿ ವಿಕಾರವಾಗಿದೆ, ಕ್ಷಮಿಸಿ’ ಎಂದು ಪ್ರಾಮಾಣಿಕವಾಗಿ ಬರೆದಿದ್ದ.

ಡೊರೀನ್‌ಗೆ ಹೇಳೋಣ ಅಂತ ಬಾಯಿ ತೆರೆದ ಹಾರ್ಲನ್ ಹಾಗೇ ಮುಚ್ಚಿಕೊಂಡ. ಹೇಳಿದರೆ ಅದು ಅವಳಪ್ಪನ ಕೋವಿ ಆಗಿಬಿಡುತ್ತದೆ. ಹೇಳದಿದ್ದರೆ ಗುರಿ ತಪ್ಪದ ಕೋವಿ. ಅವನಿಗೆ ಬೇಕಾಗಿದ್ದು ಎರಡನೆಯದು.

ಇಲ್ಲಿ ಒಂದು ಮಾತು ಹೇಳಲೇಬೇಕು. ಹಾರ್ಲನ್ ಆನ್‌ಲೈನ್ ಕಳ್ಳರ ವಿಷಯದಲ್ಲಿ ಮಹಾ ಜಾಗರೂಕ. ವೆಬ್‌ಸೈಟಿನ ಎಚ್ಚರಿಕೆಯ ಪುಟವನ್ನು ಪಾದ್ರಿ ಬೈಬಲ್ ಓದುವ ಹಾಗೆ ಬೆರಳಿಟ್ಟು ಓದಿದ. ಮಾರುವವನ ಬಗ್ಗೆ ಹಿಂದೆ ಕೊಂಡವರು ಏನು ಬರೆದಿದ್ದಾರೆ ನೋಡು, ಹಣವನ್ನು ಸೈಟಿನ ಹೊರಗೆ ಕಳಿಸಬೇಡ, ಅಗ್ಗಕ್ಕೆ ಮರುಳಾಗಬೇಡ, ಲೈಸೆನ್ಸ್ ಇರುವ ಡೀಲರ್ ಮೂಲಕವೇ ತರಿಸಿಕೋ. ಅಷ್ಟರಲ್ಲೇ ಇನ್ನೊಬ್ಬ ಮಹಾಶಯ ಅದೇ ಕೋವಿಯ ಅದೇ ಫೋಟೋ ಹಾಕಿ, ಅರ್ಧ ಬೆಲೆಗೆ ಕೊಡ್ತೀನಿ, ಡೀಲರ್ ಗೀಲರ್ ಯಾಕೆ, ಸೀದಾ ನಿಮ್ಮ ಮನೆ ಬಾಗಿಲಿಗೇ ಕಳಿಸ್ತೀನಿ ಎಂದು ಸಂದೇಶ ಬಿಟ್ಟ. ಹಾರ್ಲನ್ ಇಬ್ಬರಿಗೂ ಒಂದೇ ಉತ್ತರ ಬರೆದ: ‘ಕೋವಿಯ ಪಕ್ಕ ಇವತ್ತಿನ ಪತ್ರಿಕೆ ಇಟ್ಟು ಫೋಟೋ ಕಳಿಸಿ.’ ಮಹಾಶಯ ಭೂಗತನಾದ. ಒಹಾಯೊದವನು ಪತ್ರಿಕೆ ಇಟ್ಟು, ಅದರ ಮೇಲೆ ಬಂದು ಕೂತ ಬೆಕ್ಕಿನ ಸಮೇತ ಫೋಟೋ ಕಳಿಸಿದ.

ಹಾರ್ಲನ್ ಮೀಸೆ ತಿರುವಿಕೊಂಡ. ಇಲ್ಲಿಗೆ ನಿಲ್ಲಿಸಿದ್ದರೆ ಅವನು ಜಾಣನೇ. ಆದರೆ ಎಚ್ಚರಿಕೆಯ ಪುಟದ ಕೊನೆಯಲ್ಲಿ ಒಂದು ಸಾಲಿತ್ತು: ಕಳ್ಳರು ಹಣ ಮಾತ್ರವಲ್ಲ, ನಿಮ್ಮ ಹೆಸರನ್ನೇ ಕದಿಯಬಹುದು. ಅವನು ಆ ಸಾಲನ್ನು ಮತ್ತೆ ಓದಿದ. ಹೆಸರು ಕದ್ದರೆ ಬ್ಯಾಂಕು, ಪೆನ್ಷನ್ನು, ಲಾರಿಯ ಲೈಸೆನ್ಸು ಎಲ್ಲ ಹೋಯಿತಲ್ಲ! ಹಾಗಾಗಿ, ಖಾತೆ ತೆರೆಯುವಾಗ ಡೊರೀನ್‌ಳ ಹೆಸರು, ಡೊರೀನ್‌ಳ ಇಮೇಲು, ಡೊರೀನ್‌ಳ ಕಾರ್ಡು ಹಾಕಿದ. ಕದ್ದರೆ ಅವಳ ಹೆಸರು ಕದ್ದುಕೊಂಡು ಹೋಗಲಿ. ಇದನ್ನು ಅವನು ಇಷ್ಟು ಬಿಡಿಸಿ ಯೋಚಿಸಲಿಲ್ಲ. ಬಿಡಿಸಿ ಯೋಚಿಸುವ ಅಭ್ಯಾಸ ಇದ್ದಿದ್ದರೆ ಗಂಡ ಅನ್ನಿಸಿಕೊಂಡು ಇಷ್ಟು ವರ್ಷ ಆರಾಮಾಗಿ ಇರಲು ಆಗುತ್ತಲೂ ಇರಲಿಲ್ಲ.

ಹರಾಜು ಮುಗಿಯುವ ಹೊತ್ತಿಗೆ ಡೊರೀನ್ ಅದೇ ಮೇಜಿನ ಆಚೆ ತುದಿಯಲ್ಲಿ ಕುಂಬಳದ ಪೈಗೆ ಹಿಟ್ಟು ಲಟ್ಟಿಸುತ್ತಿದ್ದಳು. ಶಾಲೆಯ ಅಡುಗೆಮನೆಯಲ್ಲಿ ದಿನವಿಡೀ ದುಡಿದು ಬಂದು, ಮನೆಯ ಅಡುಗೆಮನೆಯಲ್ಲಿ ಮತ್ತೆ ದುಡಿಯುವವಳು.

“ಅಷ್ಟೊತ್ತಿಂದ ಏನ್ ನೋಡ್ತಿದ್ದೀಯ?”

“ಟೈರು. ಹಿಮದ ಲಾರಿಗೆ.”

“ಟೈರ್ ನೋಡಿ ಬೆವರೋ ಗಂಡಸನ್ನ ಇವತ್ತೇ ನೋಡಿದ್ದು.”

ಹಾರ್ಲನ್ ಕೊನೆಯ ಸವಾಲು ಒತ್ತಿದ. ‘ಅಭಿನಂದನೆಗಳು, ಡೊರೀನ್!’ ಎಂದು ಪರದೆ ಕುಣಿಯಿತು. ಅವನು ತಟಕ್ಕನೆ ಕಂಪ್ಯೂಟರಿನ ಮುಚ್ಚಳ ಮುಚ್ಚಿದ. ಮರುದಿನವೇ ತನ್ನ ಎಡಕ್ಕೆ ಎಳೆಯುವ ಕೋವಿಯನ್ನು ಡ್ಯೂಯಿಗೆ ಮಾರಿಬಿಟ್ಟ. ಕಾರ್ಡಿನ ಬಿಲ್ಲು ಬರುವುದರೊಳಗೆ ಹಣ ತುಂಬಬೇಕಲ್ಲ. ಡ್ಯೂಯಿಯ ಕೋವಿಯಲ್ಲಿ ಗುಂಡು ಸಿಡಿಸುವ ಕುದುರೆ ಮುರಿದು ಕೂತಿತ್ತು, ಅವನಿಗೂ ಅವಸರವಿತ್ತು.

“ಎಡಕ್ಕೆ ಎಳೆಯುತ್ತೆ ಅಂತ ನೀನೇ ಹೇಳ್ತಿದ್ದೆ?” ಅಂದ ಡ್ಯೂಯಿ.

“ಆವಾಗಾವಾಗ,” ಅಂದ ಹಾರ್ಲನ್, ಮಾರುವವನಾದ್ದರಿಂದ.

ಇನ್ನು ಉಳಿದದ್ದು ಕೋವಿಯನ್ನು ಬಿಡಿಸಿಕೊಳ್ಳುವುದು. ಹರಾಜಿನ ಕೋವಿ ಅಂಚೆಯವನ ಚೀಲದಲ್ಲಿ ಮನೆಗೆ ಬರುವಂತಿಲ್ಲ. ಲೈಸೆನ್ಸ್ ಇರುವ ಡೀಲರ್ ಅಂಗಡಿಗೆ ಬರಬೇಕು. ಅಲ್ಲಿ ಕೊಂಡವನು ಖುದ್ದು ಹೋಗಿ, ಗುರುತಿನ ಚೀಟಿ ತೋರಿಸಿ, ಸರ್ಕಾರದ ಪ್ರಶ್ನೆಗಳಿಗೆ ಉತ್ತರ ಬರೆದು, ಪೊಲೀಸರ ತಪಾಸಣೆಯಲ್ಲಿ ಪಾಸಾಗಬೇಕು. ಶಿಂಗಲ್ ರನ್‌ನಲ್ಲಿ ಅಂಥ ಲೈಸೆನ್ಸ್ ಇದ್ದದ್ದು ಒಬ್ಬಳಿಗೆ, ಗ್ಲಾಡಿಸ್‌ಗೆ. ಅವಳ ಗಂಡ ಬಂದೂಕು ಮಾರುತ್ತಿದ್ದ, ಅವಳು ಬ್ಯೂಟಿ ಪಾರ್ಲರ್ ನಡೆಸುತ್ತಿದ್ದಳು. ಗಂಡ ಸತ್ತ ಮೇಲೆ ಎರಡನ್ನೂ ಒಂದೇ ಮಾಡಿನ ಕೆಳಗೆ ತಂದಳು. ಮುಂದೆ ಕೂದಲು, ಹಿಂದೆ ಕೋವಿ, ನಡುವೆ ಒಂದು ಹೂವಿನ ಪರದೆ.

ಡೊರೀನ್ ಅಲ್ಲಿಗೆ ಹೋಗುವುದು ಶುಕ್ರವಾರ. ಆದ್ದರಿಂದ ಹಾರ್ಲನ್ ಮಹಾ ಚಾಣಾಕ್ಷನಂತೆ ಬುಧವಾರ ಹೋದ. ಆ ಬುಧವಾರದ ಮರುದಿನ ಥ್ಯಾಂಕ್ಸ್‌ಗಿವಿಂಗ್. ಹಬ್ಬದ ಹಿಂದಿನ ದಿನ ಊರಿನ ಹೆಂಗಸರೆಲ್ಲ ಕೂದಲು ಮಾಡಿಸಿಕೊಳ್ಳಲು ಗ್ಲಾಡಿಸ್‌ಳ ಅಂಗಡಿಗೆ ಮುತ್ತಿಗೆ ಹಾಕುತ್ತಾರೆಂಬುದು ಊರಿನ ನಾಯಿಗೂ ಗೊತ್ತಿತ್ತು. ನಾಯಿ ಹೆಂಗಸರ ಕಡೆ ಸ್ವಲ್ಪ ಗಮನ ಕೊಡುವ ಪ್ರಾಣಿ.

ಬಾಗಿಲು ತೆರೆದರೆ ಕೂದಲು ಸುರುಳಿ ಮಾಡುವ ಪರ್ಮಿನ ಘಾಟು. ಸಾಲಾಗಿ ಕೂತ ಹೆಂಗಸರು, ತಲೆಯ ಮೇಲೆ ಕೂದಲೊಣಗಿಸುವ ದೊಡ್ಡ ದೊಡ್ಡ ಬೋಗುಣಿಗಳು. ಕೊನೆಯ ಬೋಗುಣಿಯ ಕೆಳಗೆ, ಸುರುಳಿ ಸುತ್ತಿದ ತಲೆಯಲ್ಲಿ, ಪತ್ರಿಕೆ ಓದುತ್ತ, ಡೊರೀನ್.

ಅವಳು ಇನ್ನೂ ತಲೆಯೆತ್ತಿರಲಿಲ್ಲ. ಆ ಯಂತ್ರದ ಗುಂಯ್‌ಗುಟ್ಟುವಿಕೆಯಲ್ಲಿ ಗುಡುಗೂ ಕೇಳುವುದಿಲ್ಲ. ಹಾರ್ಲನ್ ಗೋಡೆಗೆ ಅಂಟಿಕೊಂಡು ಪರದೆಯ ಹಿಂದೆ ಜಾರಿದ. ಗ್ಲಾಡಿಸ್ ಕೈಯಲ್ಲಿ ಬಾಚಣಿಗೆ ಹಿಡಿದೇ ಬಂದಳು.

“ಏನು, ಪರ್ಮ್ ಮಾಡಿಸ್ಕೋತೀಯ?”

“ಮೆಲ್ಲಗೆ! ಒಹಾಯೊದಿಂದ ಒಂದು ಕೋವಿ ಬಂದಿರಬೇಕು.”

“ಬಂದಿದೆ. ಡೊರೀನ್‌ದು.”

“ಅದು ನಂದೇ.”

“ಮಾರಿದವನ ಕಾಗದದಲ್ಲಿ ಡೊರೀನ್ ಅಂತಿದೆ. ಹರಾಜು ಗೆದ್ದೋಳು ಡೊರೀನ್, ಹಣ ಕೊಟ್ಟದ್ದು ಡೊರೀನ್ ಕಾರ್ಡು.” ಗ್ಲಾಡಿಸ್ ಬಾಚಣಿಗೆಯಿಂದ ಅವನ ಎದೆಗೆ ತಿವಿದಳು. “ನೀನು ಡೊರೀನಾ?”

“ಅವಳು ನನ್ನ ಹೆಂಡತಿ ಕಣೇ ಗ್ಲಾಡಿಸ್! ನಮ್ಮಿಬ್ರಿಗೂ ನೀನೇ ಮದುವೆ ಕೇಕ್ ಮಾಡಿದ್ದು!”

“ಕೇಕ್‌ಗೆ ಲೈಸೆನ್ಸ್ ಬೇಕಿರಲಿಲ್ಲ. ಒಬ್ರು ಕೊಂಡದ್ದನ್ನ ಇನ್ನೊಬ್ರ ಕೈಗೆ ಕೊಟ್ರೆ ನಾಳೆ ಇನ್ಸ್‌ಪೆಕ್ಟರ್ ಬಂದು ಬೀಗ ಜಡೀತಾನೆ. ಊರಿನ ಹೆಂಗಸರ ತಲೆಗೆ ಆಮೇಲೆ ನೀನು ಬಣ್ಣ ಹಾಕ್ತೀಯ?”

ಹಾರ್ಲನ್ ಬೇಡಿಕೊಂಡ. ಗದರಿದ. ಮತ್ತೆ ಬೇಡಿಕೊಂಡ. ಗ್ಲಾಡಿಸ್ ಪರದೆ ಸರಿಸಿ, ಹೋಗಿ ಡೊರೀನ್‌ಳ ತಲೆಯ ಮೇಲಿನ ಬೋಗುಣಿ ಎತ್ತಿದಳು. ಯಂತ್ರ ನಿಂತಿತು. ಉಳಿದ ಹೆಂಗಸರೂ ತಮ್ಮ ತಮ್ಮ ಬೋಗುಣಿಗಳನ್ನು ತಾವೇ ಎತ್ತಿಕೊಂಡರು. ಇಂಥ ಹೊತ್ತಲ್ಲಿ ಕೂದಲು ಒಣಗದಿದ್ದರೂ ನಡೆಯುತ್ತದೆ.

“ಡೊರೀನ್, ನಿನ್ನ ಕೋವಿ ಬಂದಿದೆ.”

“ನನ್ನ ಏನು?”

ಗ್ಲಾಡಿಸ್ ಉದ್ದನೆಯ ಪೆಟ್ಟಿಗೆ ತಂದು, ಶಾಂಪೂ ಸೀಸೆಗಳನ್ನು ಸರಿಸಿ ಮೇಜಿನ ಮೇಲೆ ಬಿಚ್ಚಿದಳು. ಡೊರೀನ್ ಗಂಡನ ಮುಖ ನೋಡಿದಳು. ಆಮೇಲೆ ಪೆಟ್ಟಿಗೆಯೊಳಗೆ ನೋಡಿದಳು. ಬೂಟಿನ ಅಟ್ಟೆ ಕಂಡಿತು. ಅದನ್ನು ಹೆಬ್ಬೆರಳಿಂದ ಒಮ್ಮೆ ಸವರಿದಳು.

“ಒಂದು ಪ್ರಶ್ನೆ ಕೇಳಲೇಬೇಕು, ಕಾನೂನು,” ಅಂದಳು ಗ್ಲಾಡಿಸ್. ಅವಳ ದನಿ ಒಮ್ಮೆಲೇ ಸರ್ಕಾರದ ದನಿಯಾಯಿತು. “ಇದನ್ನ ನೀನು ತಗೋತಿರೋದು ನಿನಗೋಸ್ಕರವಾ? ಗಂಡನ ಪರವಾಗಿ ಬರೀ ಸಹಿ ಹಾಕ್ತಿದ್ರೆ ಈಗಲೇ ಹೇಳು. ಕೊಡಲ್ಲ, ವಾಪಸ್ ಕಳಿಸ್ತೀನಿ.”

ಡೊರೀನ್‌ಳ ಬದುಕಿನಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಪೈ ಮಾಡುವಾಗ ಕೇಳಿರಲಿಲ್ಲ, ಕಾರು ಕೊಳ್ಳುವಾಗ ಕೇಳಿರಲಿಲ್ಲ, ಅಪ್ಪ ಕೇಳಿರಲಿಲ್ಲ, ಗಂಡನಂತೂ ಕೇಳಿರಲಿಲ್ಲ. ಕೇಳಿದ್ದು ಸರ್ಕಾರ, ಅದೂ ಬಂದೂಕಿನ ವಿಷಯಕ್ಕೆ.

ಹಾರ್ಲನ್ ಗ್ಲಾಡಿಸ್‌ಳ ಬೆನ್ನ ಹಿಂದೆ ನಿಂತು ಕಣ್ಣು, ಹುಬ್ಬು, ಮೀಸೆ ಎಲ್ಲದರಿಂದಲೂ ಸನ್ನೆ ಮಾಡಿದ. ಯಾವ ಉತ್ತರಕ್ಕೆ ಸನ್ನೆ ಮಾಡುತ್ತಿದ್ದಾನೆ ಅಂತ ಅವನಿಗೇ ಗೊತ್ತಿರಲಿಲ್ಲ. ಹೌದು ಅಂದರೂ ಹೋಯಿತು, ಇಲ್ಲ ಅಂದರೂ ಹೋಯಿತು.

“ನನಗೋಸ್ಕರ,” ಅಂದಳು ಡೊರೀನ್.

ಸಾಲಿನಲ್ಲಿ ಕೂತ ಹೆಂಗಸರಲ್ಲಿ ಯಾರೋ ಚಪ್ಪಾಳೆ ತಟ್ಟಿದರು.

ಪೊಲೀಸರ ತಪಾಸಣೆ ಫೋನಿನಲ್ಲೇ ಮುಗಿಯಿತು. ಡೊರೀನ್ ಮೇಲೆ ಒಂದು ಪಾರ್ಕಿಂಗ್ ದಂಡವೂ ಇರಲಿಲ್ಲ.

ಮನೆಗೆ ಹೋಗುವ ದಾರಿಯಲ್ಲಿ ಲಾರಿಯೊಳಗೆ ಕೋವಿ ಅವರಿಬ್ಬರ ನಡುವೆ ಕೂತಿತ್ತು, ಮಗ ಸೊಸೆಯ ಜೊತೆ ಬಂದ ಅತ್ತೆಯ ಹಾಗೆ.

“ನಿನಗೆ ಉಡುಗೊರೆ ಕೊಡೋಣ ಅಂತಲೇ...” ಎಂದು ಹಾರ್ಲನ್ ಶುರುಮಾಡಿದ.

“ಸುಳ್ಳು.”

“ಹಬ್ಬಕ್ಕೆ...”

“ಸುಳ್ಳು ಅಂದ್ನಲ್ಲ. ಅಪ್ಪ ಇದನ್ನ ಅಣ್ಣನಿಗೆ ಕೊಟ್ಟ ದಿನ ನೀನೂ ಮೇಜಿನಲ್ಲಿದ್ದೆ. ನಾನು ಕೇಳ್ದೆ, ಅಪ್ಪ ನಕ್ಕ. ನೀನು ಏನ್ ಮಾಡ್ದೆ ಗೊತ್ತಾ? ‘ಆ ಆಲೂಗಡ್ಡೆ ಈಕಡೆ ಕೊಡು’ ಅಂದೆ.”

ಹಾರ್ಲನ್‌ಗೆ ನೆನಪಾಯಿತು. ಆಲೂಗಡ್ಡೆಯ ರುಚಿಯೂ ನೆನಪಾಯಿತು. ಅವತ್ತು ಆಲೂಗಡ್ಡೆ ಕೇಳುವ ಬದಲು ಅವಳ ಪರ ಒಂದು ಮಾತು ಆಡಿದ್ದರೆ ಏನು ಗಂಟು ಹೋಗುತ್ತಿತ್ತು? ಮಾವ ಎರಡು ದಿನ ಮುಖ ಊದಿಸಿಕೊಳ್ಳುತ್ತಿದ್ದ, ಅಷ್ಟೇ. ಈ ಪಶ್ಚಾತ್ತಾಪ ಅವನ ಎದೆಯಲ್ಲಿ ಊರಿನ ಮೊದಲ ತಿರುವಿನವರೆಗೆ ಇತ್ತು. ಎರಡನೇ ತಿರುವಿನಲ್ಲಿ ಹೊಸ ಉಪಾಯ ಹೊಳೆಯಿತು.

ಹರಾಜಿನ ಕೋವಿಗೆ ಪರೀಕ್ಷೆಯ ಗಡುವು ಅಂತ ಇರುತ್ತದೆ. ಕೊಂಡವರು ಮನೆಗೆ ಒಯ್ದು ತಿರುಗಿಸಿ ಮುರುಗಿಸಿ ನೋಡಬಹುದು. ಮನಸ್ಸಿಗೆ ಬರದಿದ್ದರೆ ವಾಪಸ್. ಒಂದೇ ಷರತ್ತು, ಅದರಿಂದ ಗುಂಡು ಹಾರಿಸಿರಬಾರದು. ಒಂದು ಗುಂಡು ಹಾರಿಸಿದರೆ ಮುಗಿಯಿತು, ಕೋವಿ ನಿಮ್ಮದೇ.

ಮರುದಿನ ಬೆಳಿಗ್ಗೆ ಟರ್ಕಿ ಕೋಳಿ ಒಲೆಯೊಳಗೆ ಹೋಗುತ್ತಿದ್ದಂತೆ ಹಾರ್ಲನ್ ವಿಷಯ ಎತ್ತಿದ. ಜೇನಿನಂಥ ದನಿ.

“ನೋಡು ಡೊರೀನ್, ಆ ಕೋವಿ ಭಾರ ಜಾಸ್ತಿ. ನಿನ್ನ ಭುಜಕ್ಕೆ ಒದೆಯುತ್ತೆ. ವಾಪಸ್ ಕಳಿಸಿಬಿಡೋಣ. ಅವನು ಮತ್ತೆ ಹರಾಜಿಗೆ ಹಾಕ್ತಾನೆ. ಬೇಕಾದ್ರೆ ನಾನು ನನ್ನ ಹೆಸರಲ್ಲಿ...”

“ಗುಂಡು ಹಾರಿಸಿದ್ರೆ ವಾಪಸ್ ತಗೊಳಲ್ವಾ?”

“ಇಲ್ಲವೇ ಇಲ್ಲ. ಅದಕ್ಕೇ ಮುಟ್ಟಬೇಡ ಅಂತ...”

ಡೊರೀನ್ ಏಪ್ರನ್ ಬಿಚ್ಚಿದಳು. ಕಿತ್ತಳೆ ಕೋಟು ಹಾಕಿಕೊಂಡು, ಕೋವಿ ಎತ್ತಿಕೊಂಡು, ಹಿತ್ತಿಲ ಹಿಂದಿನ ಹಳೇ ಜಲ್ಲಿ ಗುಂಡಿಗೆ ನಡೆದಳು. ಹಾರ್ಲನ್ ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಬರೀ ಕಾಲುಚೀಲ ಹಾಕಿಕೊಂಡು ಕುಂಟುತ್ತ ಓಡಿದ. ಅವನು ಬೇಲಿ ಮುಟ್ಟುವ ಹೊತ್ತಿಗೆ ಡೊರೀನ್ ದಿಬ್ಬಕ್ಕೆ ಒರಗಿಸಿದ ಬಣ್ಣದ ಡಬ್ಬಿಗೆ ಗುರಿ ಹಿಡಿದಾಗಿತ್ತು.

ಢಂ.

ಡಬ್ಬಿ ಎಗರಿ ಬಿತ್ತು. ಬೆಟ್ಟದ ಆಚೆಗೂ ಸದ್ದು ಹೋಗಿ ಬಂತು.

“ಇನ್ನು ನಂದೇ ಅಲ್ವಾ?” ಅಂದಳು. “ಹೋಗು, ಕೋಳಿಗೆ ಬೆಣ್ಣೆ ಹಚ್ಚು. ಸುಟ್ಟು ಹೋಗುತ್ತೆ.”

ಶನಿವಾರ ಬೇಟೆ ಶುರು. ಶುಕ್ರವಾರ ಸಂಜೆ ಡೊರೀನ್ ಚೀಲ ಹಿಡಿದು ಕ್ಯಾಂಪಿನ ಬಾಗಿಲಲ್ಲಿ ನಿಂತಳು. ಬೇಟೆಯ ಪರವಾನಗಿ ಇತ್ತು, ಅದಕ್ಕೆ ಬೇಕಾದ ತರಬೇತಿಯ ಚೀಟಿಯೂ ಇತ್ತು. ಹುಡುಗಿಯಾಗಿದ್ದಾಗಲೇ ಪಾಸು ಮಾಡಿ, ಅಪ್ಪ ಕರೆದರೆ ಇರಲಿ ಅಂತ ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಳು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಹೆಂಗಸರು ಬರಬಾರದು ಎಂದು ಕ್ಯಾಂಪಿನಲ್ಲಿ ಎಲ್ಲೂ ಬರೆದಿರಲಿಲ್ಲ, ಯಾರೂ ಬಂದಿರಲಿಲ್ಲ ಅಷ್ಟೇ. ಬರೆಯದ ಕಾನೂನು ಮುರಿಯಲು ಮೆರವಣಿಗೆ ಬೇಕಾಗುವುದಿಲ್ಲ, ಒಳಗೆ ಬಂದು ಕೂತರೆ ಸಾಕು. ಡೊರೀನ್ ಬಂದು ಒಲೆಯ ಪಕ್ಕ ಕೂತಳು.

ಡ್ಯೂಯಿ ಗಂಟಲು ಸರಿಮಾಡಿಕೊಂಡ. “ಡೊರೀನ್, ಇಲ್ಲಿ ಕಕ್ಕಸು ಹೊರಗಡೆ ಇದೆ.”

“ನಮ್ಮ ಹಳೇ ಮನೇಲೂ ಹೊರಗಡೆನೇ ಇತ್ತು ಡ್ಯೂಯಿ. ಒಳಗೆ ಬೀಳದೆ ಕೂತ್ಕೊಳೋಕೆ ಬರುತ್ತೆ.”

ಚರ್ಚೆ ಅಲ್ಲಿಗೆ ಮುಕ್ತಾಯವಾಯಿತು. ಉಳಿದದ್ದು ಹಾರ್ಲನ್‌ನ ಪ್ರಶ್ನೆ. ಅವನ ಹಳೇ ಕೋವಿ ಡ್ಯೂಯಿಯ ಹತ್ತಿರ, ಹೊಸ ಕೋವಿ ಹೆಂಡತಿಯ ಹತ್ತಿರ. ಆ ವರ್ಷ ಅಡುಗೆಯವನು ಜ್ವರ ಹಿಡಿದು ಮನೆಯಲ್ಲೇ ಮಲಗಿದ್ದ. ಕ್ಯಾಂಪು ಸರ್ವಾನುಮತದಿಂದ ಠರಾವು ಪಾಸು ಮಾಡಿತು. ಪರವಾಗಿ ಮೊದಲು ಕೈ ಎತ್ತಿದವಳು ಡೊರೀನ್.

“ಈರುಳ್ಳಿ ಸಣ್ಣಗೆ ಹೆಚ್ಚು,” ಅಂದಳು. “ನೀನು ಹೆಚ್ಚಿದ್ರೆ ಕುದುರೆಗೆ ಹಾಕೋ ಹಾಗಿರುತ್ತೆ.”

ಶನಿವಾರ ಬೆಳಕು ಹರಿಯುವ ಮೊದಲೇ ಎಲ್ಲರೂ ಕಾಡಿಗೆ ಹೋದರು. ಹಾರ್ಲನ್ ಒಬ್ಬನೇ ಕ್ಯಾಂಪಿನಲ್ಲಿ ಉಳಿದ. ಮೊಟ್ಟೆಯ ಬಾಣಲೆ ಉಜ್ಜಿದ. ಆಲೂಗಡ್ಡೆ ಸುಲಿದ. ದೂರದಲ್ಲಿ ಒಂದೊಂದೇ ಗುಂಡಿನ ಸದ್ದು ಕೇಳಿದಾಗ ಚಾಕು ಹಿಡಿದು ಕಿಟಕಿಗೆ ಓಡುತ್ತಿದ್ದ. ಪ್ರತಿ ವರ್ಷ ಇದೇ ಹೊತ್ತಿಗೆ ಡೊರೀನ್ ಮನೆಯ ಕಿಟಕಿಯಲ್ಲಿ ಹೀಗೇ ನಿಂತು ಕೇಳುತ್ತಿದ್ದಳೇನೋ ಎಂಬ ಯೋಚನೆ ಬಂತು. ಅವನಿಗೆ ಆ ಯೋಚನೆ ಹಿಡಿಸಲಿಲ್ಲ. ಅದನ್ನು ಆಲೂಗಡ್ಡೆಯ ಸಿಪ್ಪೆಯ ಜೊತೆ ಬಕೆಟ್ಟಿಗೆ ಹಾಕಿದ. ಅದು ಬಕೆಟ್ಟಿನಲ್ಲಿ ಉಳಿಯಲಿಲ್ಲ.

ಸಂಜೆ ಮೊದಲು ಬಂದವನು ಡ್ಯೂಯಿ. ಹಿಂದೆ ದೊಡ್ಡ ಕೊಂಬಿನ ಜಿಂಕೆ, ಇಬ್ಬರು ಎಳೆದು ತರುತ್ತಿದ್ದರು.

“ಹಾರ್ಲನ್! ಎಂಥಾ ಕೋವಿ ಮಾರಿದೆಯೋ ನನಗೆ! ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ದಾರ ಹಿಡಿದು ಎಳೆದ ಹಾಗೆ ಹೋಗುತ್ತೆ ಗುಂಡು!”

ಹಾರ್ಲನ್ ಸ್ಟೂ ಪಾತ್ರೆಯೊಳಗೆ ಸೌಟು ತಿರುಗಿಸುತ್ತಲೇ ಇದ್ದ. ಕೆಲವು ಸತ್ಯಗಳನ್ನು ಪಾತ್ರೆಯ ತಳ ನೋಡುತ್ತ ಕೇಳುವುದೇ ವಾಸಿ.

ಆಮೇಲೆ ಡೊರೀನ್ ಬಂದಳು. ಕೆನ್ನೆ ಚಳಿಗೆ ಕೆಂಪಾಗಿತ್ತು, ಪರ್ಮಿನ ಸುರುಳಿಗಳಲ್ಲಿ ಒಣಗಿದೆಲೆ ಸಿಕ್ಕಿತ್ತು.

“ತಪ್ಪಿತು,” ಅಂದಳು, ಕೋಟು ಬಿಚ್ಚುತ್ತ. “ಎದುರಿಗೇ ನಿಂತಿತ್ತು ಡ್ಯೂಯಿ, ಈ ಮೇಜಿನಷ್ಟು ಅಗಲ. ಕೈ ನಡುಗಿತು. ಅದು ನನ್ನ ಮುಖ ನೋಡಿ, ಬಾಲ ಎತ್ತಿ, ಲದ್ದಿ ಹಾಕಿ ಹೋಯ್ತು.”

ಹಾರ್ಲನ್‌ಗೆ ಮೊದಲು ಒಳಗೊಳಗೇ ಖುಷಿಯ ಒಂದು ಕಡಲೆಕಾಳು ಸಿಡಿಯಿತು. ಅದರ ಹಿಂದೆಯೇ ಭಯ. ಗುರಿ ತಪ್ಪದ ಕೋವಿ ಗುರಿ ತಪ್ಪಿತೇ?

“ಮೊದಲ ದಿನ ಅಲ್ವಾ, ಬಿಡು,” ಅಂದ ಡ್ಯೂಯಿ, ಕತ್ತರಿಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು. “ಹೆಂಗಸರ ಅಂಗಿ ಕತ್ತರಿಸೋದು ನಮ್ಮ ಪದ್ಧತಿ ಅಲ್ಲ. ಅದೂ ಆರಿನ್ ಮಗಳದ್ದು! ಒಮ್ಮೆಯೂ ಗುರಿ ತಪ್ಪದ ಮನುಷ್ಯ ಅವನು.”

“ಯಾರು, ಅಪ್ಪಾನಾ?” ಅಂದಳು ಡೊರೀನ್. “ಹಾಗಾದ್ರೆ ಅವೇನು?”

ಅವಳು ಬೆರಳು ತೋರಿಸಿದ್ದು ಏಣಿಯ ಹಿಂದಿನ ಕಪ್ಪು ಬಾಲಗಳ ಕಡೆಗೆ.

“ಅವು ಹಳೇ ಕಾಲದವರವು. ಹೆಸರೇ ಇಲ್ಲವಲ್ಲ.”

ಡೊರೀನ್ ಲಾಟೀನು ಎತ್ತಿಕೊಂಡು ಏಣಿಯ ಹಿಂದೆ ಹೋದಳು. ಒಂದು ಬಾಲದ ಮಸಿಯನ್ನು ಹೆಬ್ಬೆರಳಿಂದ ಉಜ್ಜಿದಳು. ಒಳಗಿಂದ ಹಸಿರು ಚೌಕಳಿ ಕಂಡಿತು. “ಇದು ನಾನು ಕ್ರಿಸ್‌ಮಸ್ಸಿಗೆ ಕೊಟ್ಟ ಅಂಗಿ.” ಇನ್ನೊಂದನ್ನು ಉಜ್ಜಿದಳು. “ಇದರ ಅಂಚು ನೋಡಿ, ವಕ್ರ ಹೊಲಿಗೆ. ಅಮ್ಮನದು, ಕನ್ನಡಕ ಇಲ್ಲದೆ ಹೊಲಿದದ್ದು.” ಮೂರನೆಯದನ್ನು ಉಜ್ಜಲೂ ಇಲ್ಲ, ಮೂಸಿ ನೋಡಿ ನಕ್ಕಳು. “ಪ್ರತಿ ವರ್ಷ ಬೇಟೆ ಮುಗಿಸಿ ಬಂದಾಗ ಅಪ್ಪನ ಅಂಗಿಗೆ ಹಿಂದುಗಡೆ ಇರ್ತಿರಲಿಲ್ಲ. ಮುಳ್ಳುತಂತಿಗೆ ಸಿಕ್ಕಿ ಹರೀತು ಅನ್ನೋನು. ನಾನು, ಅಮ್ಮ ಕೂತು ತೇಪೆ ಹಾಕ್ತಿದ್ವಿ. ಈ ಗುಡ್ಡದಲ್ಲಿ ಮುಳ್ಳುತಂತಿ ಎಲ್ಲಿದೆ ಡ್ಯೂಯಿ?”

ಡ್ಯೂಯಿ ಯೋಚಿಸಿದ. ಗುಡ್ಡದಲ್ಲಿ ಮುಳ್ಳುತಂತಿ ಎಲ್ಲೂ ಇರಲಿಲ್ಲ.

“ಒಂಟಿಯಾಗಿ ಬೇಟೆಗೆ ಹೋಗೋನು. ನಿಮ್ಮ ಕಣ್ಣಿಗೆ ಬೀಳದ ಹಾಗೆ ತಾನೇ ಕತ್ತರಿಸಿ ತಾನೇ ಮೊಳೆ ಹೊಡೀತಿದ್ದ. ಅಷ್ಟು ನಿಯತ್ತಿತ್ತು. ಹೆಸರು ಬರೆಯೋಕೆ ಮಾತ್ರ ಮನಸ್ಸು ಬರಲಿಲ್ಲ, ಪಾಪ.”

ಗಂಡಸರು ಟೋಪಿ ತೆಗೆದು ತಲೆ ಕೆರೆದುಕೊಂಡರು. ದೇವರೊಬ್ಬ ಅವರ ಕಣ್ಣೆದುರೇ ಗೋಡೆಯಿಂದ ಇಳಿದು, ಹರಿದ ಅಂಗಿಯಲ್ಲಿ ಒಲೆಯ ಮುಂದೆ ನಿಂತಂತಾಗಿತ್ತು. ಎಲ್ಲರಿಗಿಂತ ಹೆಚ್ಚು ಕುಗ್ಗಿದವನು ಹಾರ್ಲನ್. ಕಣ್ಣಿದ್ದ ಕೋವಿ ಅಂತ ಅವನು ಬೆನ್ನು ಹತ್ತಿದ್ದು ಸುಳ್ಳನ್ನು. ಕಣ್ಣಿಲ್ಲ ಅಂತ ಮಾರಿದ್ದು ದಾರ ಎಳೆದ ಹಾಗೆ ಹೊಡೆಯುವ ಕೋವಿಯನ್ನು. ಇವೆರಡರ ನಡುವೆ, ಹೆಂಡತಿಗೆ ಅವಳಪ್ಪನ ಒಂದು ವಸ್ತುವನ್ನು ಸಂತೋಷದಿಂದ ತಂದುಕೊಡುವ ಅವಕಾಶ ಅವನ ಕೈಯಲ್ಲೇ ಇತ್ತು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಕಳ್ಳರಿಂದ ಎಲ್ಲವನ್ನೂ ಕಾಪಾಡಿಕೊಂಡು, ಅದೊಂದನ್ನು ತಾನೇ ಕಳೆದುಕೊಂಡಿದ್ದ.

ಡೊರೀನ್ ಚೀಲದಿಂದ ಗ್ಲಾಡಿಸ್ ಕೊಟ್ಟಿದ್ದ ಉದ್ದನೆಯ ಕತ್ತರಿ ತೆಗೆದು ಡ್ಯೂಯಿಯ ಕೈಗೆ ಕೊಟ್ಟಳು. ಬೆನ್ನು ತಿರುಗಿಸಿ, ಅಂಗಿಯ ತುದಿ ಹೊರಗೆಳೆದು ನಿಂತಳು. “ಪದ್ಧತಿ ಅಂದ್ರೆ ಪದ್ಧತಿ. ಕತ್ತರಿಸು. ನೇರ ಕತ್ತರಿಸು, ನಿಂಗೆ ಕಣ್ಣು ಚೆನ್ನಾಗಿದೆ ಅಂತಾಯ್ತಲ್ಲ.”

ಕಚಕ್.

ಕೆಂಪು ಚೌಕಳಿಯ ತುಂಡು ಡ್ಯೂಯಿಯ ಕೈಗೆ ಬಂತು. ಹೆಸರು ಬರೆಯಲು ಅವನು ಪೆನ್ನು ತಡಕಾಡಿದ. ಡೊರೀನ್ ಆ ತುಂಡನ್ನು ಅವನಿಂದ ಕಿತ್ತುಕೊಂಡು, ಸೌಟು ಹಿಡಿದು ನಿಂತಿದ್ದ ಗಂಡನ ಮುಂದೆ, ಈರುಳ್ಳಿ ಸಿಪ್ಪೆಗಳ ನಡುವೆ ಹರಡಿದಳು.

“ನೀನೇ ಬರಿ ಹಾರ್ಲನ್,” ಅಂದಳು. “ನನ್ನ ಹೆಸರು ಬರೆದು ನಿನಗೆ ಅಭ್ಯಾಸ ಇದೆಯಲ್ಲ.”